ಇಆರ್‌ಪಿಗೆ ಎಐ ಸಹಾಯಕ ಜೋಡಿಸುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಮತ್ತು ಮಧ್ಯಮ ಫ್ಯಾಕ್ಟರಿಗಳಿಗೆ ಇಆರ್‌ಪಿ, ಅಂದರೆ ಲೆಕ್ಕ, ಸ್ಟಾಕ್, ಆರ್ಡರ್ ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್, ಹಾಕಿಕೊಡುವುದು ನನ್ನ ಕೆಲಸ. ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್, ಎಲ್ಲಿಗೆ ಹೋದರೂ ಈಗ ಕಾಫಿಗಿಂತ ಮೊದಲು ಎಐ ಮಾತು ಬರುತ್ತದೆ. ಮಾಲೀಕರು, ಅಕೌಂಟ್ಸ್‌ನವರು, ಸ್ಟೋರ್ಸ್‌ನವರು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಂಡಿದ್ದೆ. ಸುಲಭದ್ದು ಮೊದಲು, ತಲೆನೋವಿನದ್ದು ಆಮೇಲೆ.

## ಶುರುವಿನಲ್ಲಿ ಕೇಳುವುದು

ಎಐ ಬಂದ್ರೆ ನಮ್ಮ ಇಆರ್‌ಪಿ ತೆಗೆದು ಹಾಕಬೇಕಾ?

ಬೇಡ. ಇಆರ್‌ಪಿ ನಿಮ್ಮ ಲೆಕ್ಕದ ಪುಸ್ತಕ, ಸ್ಟಾಕ್ ರಿಜಿಸ್ಟರ್, ಆರ್ಡರ್ ಬುಕ್ ಎಲ್ಲವೂ ಹೌದು. ಒಂದು ಕಡೆ ಎಂಟ್ರಿ ಬಿದ್ದರೆ ಉಳಿದ ಕಡೆ ತಾನಾಗಿ ಬದಲಾಗುತ್ತದೆ. ಎಐ ಸಹಾಯಕನಿಗೆ ಆ ಶಿಸ್ತು ಇಲ್ಲ. ಅದಕ್ಕೆ ಬರುವುದು ಮಾತು. ನೀವು ಕೇಳಿದ್ದನ್ನು ಅರ್ಥ ಮಾಡಿಕೊಂಡು, ಇಆರ್‌ಪಿಯನ್ನು ಕೇಳಿ, ಸಿಕ್ಕಿದ್ದನ್ನು ನಿಮಗೆ ತಿಳಿಯುವ ಹಾಗೆ ಹೇಳುತ್ತದೆ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗನ ಹಾಗೆ: ಚುರುಕು, ಮಾತು ಜಾಸ್ತಿ, ಗಲ್ಲಾಪೆಟ್ಟಿಗೆಯ ಕೀಲಿ ಇನ್ನೂ ಕೊಟ್ಟಿಲ್ಲ.

ನಾನೇ ಎಕ್ಸೆಲ್ ತೆಗೆದು ಚಾಟ್‌ಜಿಪಿಟಿಗೆ ಹಾಕಿ ಕೇಳ್ತೀನಿ. ಅಷ್ಟೇ ಸಾಕಲ್ವಾ?

ಒಂದು ಸಲದ ಕೆಲಸಕ್ಕೆ ಸಾಕು. ಆದರೆ ಎಕ್ಸೆಲ್ ಎಂದರೆ ನಿನ್ನೆ ತೆಗೆದ ಫೋಟೋ. ಇವತ್ತು ಬೆಳಿಗ್ಗೆ ಬಂದ ಜಿಆರ್‌ಎನ್ (ಮಾಲು ಬಂದದ್ದರ ರಸೀದಿ) ಅದರಲ್ಲಿ ಇರುವುದಿಲ್ಲ. ಯಾರು ಏನನ್ನು ನೋಡಬಹುದು ಎಂದು ಇಆರ್‌ಪಿಯಲ್ಲಿ ಹಾಕಿದ ಬೇಲಿ ಕೂಡ ಎಕ್ಸೆಲ್‌ಗೆ ಇಳಿಸಿದ ಕ್ಷಣ ಮಾಯ. ಇನ್ನೊಂದು ಮಾತು. ಸಿಬ್ಬಂದಿ ತಮ್ಮ ಸ್ವಂತ ಅಕೌಂಟಿನಲ್ಲಿ ಗಿರಾಕಿಗಳ ಪಟ್ಟಿ, ರೇಟು ಎಲ್ಲ ಹಾಕುತ್ತಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ‘ನಮ್ಮಲ್ಲಿ ಎಐ ಇನ್ನೂ ಶುರು ಮಾಡಿಲ್ಲ’ ಎನ್ನುವ ಮಾಲೀಕರ ಆಫೀಸಿನಲ್ಲೇ ಇದು ನಡೆಯುವುದನ್ನು ನೋಡಿದ್ದೇನೆ.

ಯಾವ ಯಾವ ಸಾಫ್ಟ್‌ವೇರ್‌ನಲ್ಲಿ ಈಗಾಗಲೇ ಇದೆ?

ದೊಡ್ಡವರೆಲ್ಲ ತಂದಿದ್ದಾರೆ. ಮೈಕ್ರೋಸಾಫ್ಟ್ 2023ರ ಮಾರ್ಚ್‌ನಲ್ಲಿ ಡೈನಾಮಿಕ್ಸ್ 365ಕ್ಕೆ ಕೋಪೈಲಟ್ ಘೋಷಿಸಿತು. ಸ್ಯಾಪ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ‘ಜೂಲ್’ ಎಂಬ ಸಹಾಯಕನನ್ನು ಪರಿಚಯಿಸಿತು. ಒರಾಕಲ್ ತನ್ನ ಫ್ಯೂಷನ್ ಗ್ರಾಹಕರು ತಾವೇ ಏಜೆಂಟ್ (ಹೇಳಿದ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಮಾಡುವ ಎಐ) ಕಟ್ಟಿಕೊಳ್ಳುವ ಸ್ಟುಡಿಯೋವನ್ನು 2025ರ ಮಾರ್ಚ್‌ನಲ್ಲಿ ಕೊಟ್ಟಿತು. ಬೆಲ್ಜಿಯಂನ ಓಡೂ 2025ರ ಸೆಪ್ಟೆಂಬರ್‌ನಲ್ಲಿ ಬಂದ 19ನೇ ಆವೃತ್ತಿಯಲ್ಲಿ ಎಐ ಸೇರಿಸಿದೆ.

ಮುಂಬೈನ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ಓಪನ್ ಸೋರ್ಸ್. ಅದರ ಪ್ರತಿಯೊಂದು ಡಾಕ್ಯುಮೆಂಟನ್ನೂ ಎಪಿಐ (ಹೊರಗಿನ ಪ್ರೋಗ್ರಾಮಿಗೆ ಬಿಟ್ಟ ಬಾಗಿಲು) ಮೂಲಕ ಮುಟ್ಟಬಹುದು. ಹಾಗಾಗಿ ಸ್ವಂತ ಸಹಾಯಕ ಕಟ್ಟುವವರು ಇದನ್ನು ಇಷ್ಟಪಡುತ್ತಾರೆ. ಇನ್ನು ನಮ್ಮ ಬೆಂಗಳೂರಿನ ಟ್ಯಾಲಿ. ಅದು ಇಆರ್‌ಪಿ ಹೌದೋ ಅಲ್ಲವೋ ಎಂಬ ಜಗಳ ಹಳೆಯದು, ನಾನು ಅದಕ್ಕೆ ಹೋಗುವುದಿಲ್ಲ. ಟ್ಯಾಲಿ ಬಹಳ ಹಿಂದಿನಿಂದಲೂ ಎಕ್ಸ್‌ಎಂಎಲ್ ರೂಪದಲ್ಲಿ ಹೊರಗಿನ ಪ್ರೋಗ್ರಾಮಿಗೆ ಮಾಹಿತಿ ಕೊಡುತ್ತದೆ, ಸಾಮಾನ್ಯವಾಗಿ 9000ನೇ ಪೋರ್ಟ್‌ನಲ್ಲಿ. ಟ್ಯಾಲಿಗೆ ಎಐ ಜೋಡಿಸುವ ಸಣ್ಣ ಕಂಪನಿಗಳಲ್ಲಿ ಹಲವು ಬಳಸುವುದು ಈ ಹಳೇ ಬಾಗಿಲನ್ನೇ.

ಡೆಮೋದಲ್ಲಿ ಚೆನ್ನಾಗಿ ಕಾಣುತ್ತೆ. ನಿಜವಾಗಿ ಯಾವ ಕೆಲಸಕ್ಕೆ ಬರುತ್ತೆ?

ನಾನು ನೋಡಿದ ಮಟ್ಟಿಗೆ ಮೂರು ಕೆಲಸಕ್ಕೆ ಚೆನ್ನಾಗಿ ಬರುತ್ತದೆ.

ಮೊದಲನೆಯದು ಸಪ್ಲೈಯರ್ ಬಿಲ್. ದಿನಕ್ಕೆ ನಲವತ್ತು ಐವತ್ತು ಬಿಲ್ ಬರುವ ಕಡೆ ಒಬ್ಬರು ಅದನ್ನೇ ಟೈಪ್ ಮಾಡುತ್ತಾ ಕೂತಿರುತ್ತಾರೆ. ಎಐ ಪಿಡಿಎಫ್ ಓದಿ, ಸಪ್ಲೈಯರ್ ಹೆಸರು, ಐಟಂ, ರೇಟು, ತೆರಿಗೆ ಬಿಡಿಸಿ, ಯಾವ ಪಿಒಗೆ (ಖರೀದಿ ಆರ್ಡರ್) ಸೇರಿದ್ದು ಎಂದು ಹುಡುಕಿ ಡ್ರಾಫ್ಟ್ ಮಾಡಿಡುತ್ತದೆ. ಹಳೆಯ ಸ್ಕ್ಯಾನಿಂಗ್ ಸಾಫ್ಟ್‌ವೇರ್‌ಗೆ ಪ್ರತಿ ಸಪ್ಲೈಯರ್‌ನ ಬಿಲ್ ನಮೂನೆಯನ್ನು ಬೇರೆ ಬೇರೆ ಕಲಿಸಬೇಕಿತ್ತು. ಈಗ ಆ ಕಷ್ಟ ಬಹಳ ಕಡಿಮೆ. ಆದರೆ ಪಿಒ, ಜಿಆರ್‌ಎನ್, ಬಿಲ್ ಮೂರನ್ನೂ ತಾಳೆ ನೋಡುವ ಕೆಲಸವನ್ನು ಇಆರ್‌ಪಿಗೇ ಬಿಡಿ. ಜಿಎಸ್‌ಟಿ ನಂಬರ್ ಸರಿಯಿದೆಯಾ ಎಂದು ನೋಡುವುದೂ ಹಾಗೆಯೇ. ಹದಿನೈದು ಅಕ್ಷರ, ಮೊದಲೆರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29, ಕೊನೆಯದು ತಾಳೆ ಅಕ್ಷರ. ಇದಕ್ಕೆ ನಾಲ್ಕು ಸಾಲಿನ ಹಳೇ ಕೋಡ್ ಸಾಕು, ಎಐ ಬೇಡ.

ಎರಡನೆಯದು ‘ಇದು ಯಾಕೆ ನಿಂತಿದೆ?’ ಎಂಬ ಪ್ರಶ್ನೆ. ಒಂದು ಆರ್ಡರ್ ಡಿಸ್ಪ್ಯಾಚ್ ಆಗಿಲ್ಲ. ಕಾರಣ ಹುಡುಕಲು ಐದು ಸ್ಕ್ರೀನ್ ತೆರೆಯಬೇಕು. ಕ್ರೆಡಿಟ್ ಲಿಮಿಟ್ ಮುಗಿದಿದೆಯಾ, ಸ್ಟಾಕ್ ಇಲ್ಲವಾ, ಮಾಲು ಕ್ಯೂಸಿಯಲ್ಲಿ (ಗುಣಮಟ್ಟ ಪರೀಕ್ಷೆ) ಕೂತಿದೆಯಾ. ಸಹಾಯಕ ಐದನ್ನೂ ತೆರೆದು ನೋಡಿ ಒಂದು ಸಾಲಿನಲ್ಲಿ ಹೇಳುತ್ತದೆ. ನನ್ನ ಕೇಳಿದರೆ ಅತಿ ಜಾಸ್ತಿ ಸಮಯ ಉಳಿಯುವುದು ಇಲ್ಲಿ. ಡೆಮೋದಲ್ಲಿ ಯಾರೂ ಇದನ್ನು ತೋರಿಸುವುದಿಲ್ಲ, ಯಾಕೆಂದರೆ ನೋಡಲು ಮಜಾ ಇಲ್ಲ.

ಮೂರನೆಯದು ಬಾಕಿ ವಸೂಲಿಯ ಪತ್ರ, ಟೆಂಡರ್ ಉತ್ತರ, ಐಟಂ ವಿವರಣೆ ಬರೆಯುವುದು.

ಉಳಿದದ್ದು, ಅಂದರೆ ಮುಂದಿನ ವರ್ಷದ ಸೇಲ್ಸ್ ಎಷ್ಟಾಗುತ್ತದೆ ಎಂಬ ಅಂದಾಜು, ಇದರ ಕೆಲಸ ಅಲ್ಲ. ಅದಕ್ಕೆ ಬೇರೆ ಲೆಕ್ಕದ ವಿಧಾನಗಳಿವೆ.

ಸ್ಟೋರ್ಸ್‌ನವರಿಗೆ ಇಂಗ್ಲಿಷ್ ಬರಲ್ಲ. ಕನ್ನಡದಲ್ಲಿ ಕೇಳಬಹುದಾ?

ಕೇಳಬಹುದು. ‘16 ಎಂಎಂ ರಾಡ್ ಎಷ್ಟಿದೆ, ಯಾವ ರ‍್ಯಾಕ್‌ನಲ್ಲಿದೆ?’ ಎಂದರೆ ದೊಡ್ಡ ಮಾದರಿಗಳು (ಚಾಟ್‌ಜಿಪಿಟಿಯಂಥ ಸಹಾಯಕರ ಒಳಗಿನ ಎಐ) ಅರ್ಥ ಮಾಡಿಕೊಳ್ಳುತ್ತವೆ. ಕಂಗ್ಲಿಷ್ ಕೂಡ ಪರವಾಗಿಲ್ಲ. ಎಡವುವುದು ಬೇರೆ ಕಡೆ. ಫ್ಯಾಕ್ಟರಿ ಸದ್ದಿನ ನಡುವೆ ಧ್ವನಿಯಲ್ಲಿ ಹೇಳಿದರೆ ಅಂಕಿಗಳು ತಪ್ಪುತ್ತವೆ. ಆ ಊರಿನವರು ಮಾತ್ರ ಬಳಸುವ ಪಾರ್ಟ್ ಹೆಸರುಗಳು ಅದಕ್ಕೆ ತಿಳಿಯುವುದಿಲ್ಲ, ನೀವೇ ಒಂದು ಪಟ್ಟಿ ಮಾಡಿ ಕೊಡಬೇಕು.

ಖರ್ಚಿನ ವಿಷಯವೂ ಇದೆ. ಈ ಮಾದರಿಗಳು ಮಾತನ್ನು ಟೋಕನ್ ಎಂಬ ತುಂಡುಗಳಾಗಿ ಒಡೆಯುತ್ತವೆ, ದುಡ್ಡು ತುಂಡಿನ ಲೆಕ್ಕದಲ್ಲಿ. ಭಾರತೀಯ ಲಿಪಿಗಳು ಮೊದಲು ಬಹಳ ತುಂಡಾಗುತ್ತಿದ್ದವು. 2024ರ ಮೇ ತಿಂಗಳಲ್ಲಿ ಜಿಪಿಟಿ-4ಓ ಬಂದಾಗ ತೆಲುಗಿಗೆ ತುಂಡುಗಳು ಮೂರೂವರೆ ಪಟ್ಟು ಕಡಿಮೆಯಾದವು ಎಂದು ಓಪನ್‌ಎಐ ಲೆಕ್ಕ ಕೊಟ್ಟಿತ್ತು. ಹಾಗಿದ್ದರೂ ಒಂದೇ ಮಾತಿಗೆ ಕನ್ನಡದಲ್ಲಿ ಇಂಗ್ಲಿಷ್‌ಗಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ.

ಸಾರ್, ನಮ್ಮ ಕೆಲಸ ಹೋಗುತ್ತಾ?

ಇದನ್ನು ಮೀಟಿಂಗ್‌ನಲ್ಲಿ ಯಾರೂ ಕೇಳುವುದಿಲ್ಲ, ಲಿಫ್ಟ್ ಹತ್ತಿರ ಕೇಳುತ್ತಾರೆ. ಬರೀ ಟೈಪಿಂಗ್ ಕೆಲಸ ಕಡಿಮೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ‘ಈ ಸಪ್ಲೈಯರ್ ಯಾವಾಗಲೂ ಫ್ರೈಟ್ ಸೇರಿಸಿ ಬಿಲ್ ಹಾಕುತ್ತಾನೆ, ಅದನ್ನು ಬೇರೆ ಲೆಡ್ಜರ್‌ಗೆ ತೆಗೆಯಬೇಕು’ ಎಂದು ಗೊತ್ತಿರುವವರು ಬೇಕೇ ಬೇಕು. ಆ ಮಾತು ಯಾವ ಸಾಫ್ಟ್‌ವೇರ್‌ನಲ್ಲೂ ಬರೆದಿಲ್ಲ, ಅವರ ತಲೆಯಲ್ಲಿದೆ. ಮಾಲೀಕರಿಗೆ ನನ್ನ ಸಲಹೆ: ಸಹಾಯಕನನ್ನು ಪರೀಕ್ಷಿಸುವ ಕೆಲಸವನ್ನು ಅವರಿಗೇ ಕೊಡಿ.

## ಜೋಡಿಸುವಾಗ ಕೇಳುವುದು

ಅದು ನಮ್ಮ ಡಾಟಾ ಎಲ್ಲ ಓದಿ ಕಲಿತುಬಿಡುತ್ತಾ?

ಬಹಳ ಜನ ಹೀಗೇ ತಿಳಿದಿದ್ದಾರೆ. ಸಾಮಾನ್ಯವಾಗಿ ಅದು ಏನನ್ನೂ ಕಲಿಯುವುದಿಲ್ಲ. ಕೇಳಿದಾಗ ಮಾತ್ರ ಹೋಗಿ ನೋಡುತ್ತದೆ.

‘ತೊಂಬತ್ತು ದಿನ ದಾಟಿದ ಬಾಕಿ ಯಾರದ್ದು ಜಾಸ್ತಿ?’ ಎಂದು ಕೇಳಿದಿರಿ ಅನ್ನಿ. ನಿಮ್ಮ ಪ್ರಶ್ನೆಯ ಜೊತೆಗೆ, ಅದಕ್ಕೆ ಯಾವ ಯಾವ ಕೆಲಸ ಮಾಡಲು ಬರುತ್ತದೆ ಎಂಬ ಪಟ್ಟಿಯೂ ಮಾದರಿಗೆ ಹೋಗುತ್ತದೆ. ಮಾದರಿ ಆ ಪಟ್ಟಿಯಿಂದ ‘ಬಾಕಿ ವರದಿ’ ಆರಿಸಿ, ದಿನಾಂಕ ಮತ್ತು ಕಂಪನಿ ತುಂಬಿ ಒಂದು ಚೀಟಿ ಬರೆದು ಕೊಡುತ್ತದೆ. ಚೀಟಿ ಬರೆಯುವುದಷ್ಟೇ ಅದರ ಕೆಲಸ. ಅದನ್ನು ಹಿಡಿದು ಇಆರ್‌ಪಿಗೆ ಹೋಗುವುದು ನಡುವೆ ಕೂತ ಸಾಮಾನ್ಯ ಪ್ರೋಗ್ರಾಮ್. ವರದಿ ವಾಪಸ್ ಬಂದ ಮೇಲೆ ಮಾದರಿ ಅದನ್ನು ಓದಿ ಎರಡು ಸಾಲಿನಲ್ಲಿ ಹೇಳುತ್ತದೆ. ಅಂದರೆ ಮಾದರಿ ಇಆರ್‌ಪಿಯನ್ನು ನೇರವಾಗಿ ಮುಟ್ಟುವುದೇ ಇಲ್ಲ. ಬೇಲಿ ಹಾಕಬೇಕಾದ ಜಾಗ ಆ ನಡುವಿನ ಪ್ರೋಗ್ರಾಮ್.

ಖರೀದಿ ನಿಯಮ, ಕ್ಯೂಸಿ ಮ್ಯಾನುಯಲ್ ಮುಂತಾದ ಕಡತಗಳಿಗೆ ದಾರಿ ಬೇರೆ. ಅವನ್ನು ಮೊದಲೇ ತುಂಡು ತುಂಡಾಗಿ ಹುಡುಕಲು ಬರುವ ಹಾಗೆ ಇಟ್ಟಿರುತ್ತಾರೆ. ಪ್ರಶ್ನೆಗೆ ಹತ್ತಿರದ ಕೆಲವು ತುಂಡುಗಳನ್ನು ತೆಗೆದು ಮಾದರಿಯ ಮುಂದೆ ಇಡುತ್ತಾರೆ. ಮ್ಯಾನುಯಲ್‌ನ ಹಳೇ ಆವೃತ್ತಿಯೂ ಅದೇ ಫೋಲ್ಡರಿನಲ್ಲಿ ಬಿದ್ದಿದ್ದರೆ ಹಳೇ ನಿಯಮವನ್ನೇ ಭಕ್ತಿಯಿಂದ ಹೇಳುತ್ತದೆ.

ಎಂಸಿಪಿ ಎಂಸಿಪಿ ಅಂತಾರಲ್ಲ, ಏನದು?

ಮಾದರಿಗೂ ಹೊರಗಿನ ಸಾಫ್ಟ್‌ವೇರ್‌ಗೂ ನಡುವಿನ ಒಪ್ಪಂದದ ಪ್ಲಗ್ಗು. ಆಂಥ್ರೋಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು, ಆಮೇಲೆ ಓಪನ್‌ಎಐ, ಗೂಗಲ್, ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡವು. ಇಆರ್‌ಪಿಗೆ ಒಂದು ಎಂಸಿಪಿ ಸರ್ವರ್ ಬರೆದರೆ ಮಾದರಿ ಬದಲಾಯಿಸಿದಾಗ ಮತ್ತೆ ಬರೆಯಬೇಕಿಲ್ಲ. ಆದರೆ ಇಂಟರ್‌ನೆಟ್‌ನಲ್ಲಿ ಯಾರೋ ಬಿಟ್ಟಿ ಕೊಟ್ಟ ಎಂಸಿಪಿ ಸರ್ವರನ್ನು ಹಾಗೇ ತಂದು ಲೆಕ್ಕದ ಪುಸ್ತಕಕ್ಕೆ ಚುಚ್ಚಬೇಡಿ.

ಇಷ್ಟೆಲ್ಲ ಯಾಕೆ, ಡೇಟಾಬೇಸ್ ಪಾಸ್‌ವರ್ಡ್ ಕೊಟ್ಟು ಬಿಟ್ರೆ ಆಗಲ್ವಾ?

ಆಗುತ್ತದೆ, ಉತ್ತರವೂ ಬರುತ್ತದೆ, ತಪ್ಪು ಬರುತ್ತದೆ. ಒಂದು ಉದಾಹರಣೆ ಸಾಕು. ಇಆರ್‌ಪಿನೆಕ್ಸ್ಟ್‌ನಲ್ಲಿ ಪ್ರತಿ ಇನ್‌ವಾಯ್ಸ್‌ಗೂ ಒಂದು ಸ್ಥಿತಿಯ ಅಂಕಿ ಇರುತ್ತದೆ. 0 ಎಂದರೆ ಡ್ರಾಫ್ಟ್, 1 ಎಂದರೆ ಸಬ್ಮಿಟ್ ಆದದ್ದು, 2 ಎಂದರೆ ಕ್ಯಾನ್ಸಲ್. ‘ಈ ತಿಂಗಳ ಮಾರಾಟ ಕೂಡಿಸು’ ಎಂದಾಗ ಮಾದರಿ ಬರೆದ ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸನ್ನು ಕೇಳುವ ಭಾಷೆ) ಆ ಅಂಕಿ 1 ಇರಬೇಕು ಎಂಬ ಷರತ್ತು ಬಿಟ್ಟುಹೋದರೆ, ಡ್ರಾಫ್ಟೂ ಕ್ಯಾನ್ಸಲ್ಲೂ ಎಲ್ಲ ಸೇರಿದ ಮೊತ್ತ ಬರುತ್ತದೆ. ಮೊತ್ತ ನೋಡಲು ಚೆನ್ನಾಗಿಯೇ ಇರುತ್ತದೆ, ಮಾಲೀಕರು ಖುಷಿಯಾಗಿಬಿಡುತ್ತಾರೆ. ಇಂಥ ನಿಯಮಗಳು ಟೇಬಲ್‌ಗಳಲ್ಲಿ ಇರುವುದಿಲ್ಲ, ಅವುಗಳ ಮೇಲೆ ಕೂತ ಪ್ರೋಗ್ರಾಮ್‌ನಲ್ಲಿ ಇರುತ್ತವೆ. ಆದ್ದರಿಂದ ಸಿದ್ಧ ವರದಿ ಅಥವಾ ಎಪಿಐ ಮೂಲಕವೇ ಓದಿಸಿ.

ಸಂಬಳದ ವಿವರ ಎಲ್ಲರಿಗೂ ಹೇಳಿಬಿಟ್ರೆ?

ಜೋಡಿಸಿದವರು ಸೋಮಾರಿಗಳಾಗಿದ್ದರೆ ಹೇಳುತ್ತದೆ. ಇಲ್ಲಿ ನಡೆಯುವ ಸಾಮಾನ್ಯ ತಪ್ಪು ಒಂದೇ: ಸಹಾಯಕನಿಗೆ ಒಂದು ಅಡ್ಮಿನ್ ಲಾಗಿನ್ ಕೊಟ್ಟು, ಎಲ್ಲರ ಪ್ರಶ್ನೆಗೂ ಅದರಿಂದಲೇ ಉತ್ತರ ತರಿಸುವುದು. ‘ಗೌಪ್ಯ ವಿಷಯ ಹೇಳಬೇಡ’ ಎಂದು ಸೂಚನೆ ಬರೆದಿದ್ದೇವೆ ಎನ್ನುತ್ತಾರೆ. ಸೂಚನೆ ಬೀಗ ಅಲ್ಲ, ಬೋರ್ಡು. ಕೇಳಿದವರು ಯಾರೋ ಅವರ ಲಾಗಿನ್ನಿನ ಅಧಿಕಾರದಲ್ಲೇ ಇಆರ್‌ಪಿಗೆ ಹೋಗಬೇಕು. ಆಗ ಸ್ಟೋರ್ಸ್‌ನವರು ಸಂಬಳ ಕೇಳಿದರೆ ಇಆರ್‌ಪಿಯೇ ಇಲ್ಲ ಎನ್ನುತ್ತದೆ, ಮಾದರಿಯ ಒಳ್ಳೆಯತನವನ್ನು ನಂಬಬೇಕಿಲ್ಲ. ಜೋಡಿಸುವ ಮೊದಲು ಹಳೇ ಅನುಮತಿಗಳನ್ನೂ ನೋಡಿಕೊಳ್ಳಿ. ಯಾರೂ ಹುಡುಕಿ ನೋಡುವುದಿಲ್ಲ ಎಂದು ತೆರೆದೇ ಬಿಟ್ಟದ್ದೆಲ್ಲ ಈಗ ಒಂದು ಪ್ರಶ್ನೆಯಷ್ಟು ದೂರದಲ್ಲಿರುತ್ತದೆ.

ನಮ್ಮ ಐಟಂ ಮಾಸ್ಟರ್ ಗಲೀಜಾಗಿದೆ. ಎಐ ತಾನೇ ಕ್ಲೀನ್ ಮಾಡುತ್ತಾ?

ಐಟಂ ಮಾಸ್ಟರ್, ಅಂದರೆ ಎಲ್ಲ ಐಟಂಗಳ ಮೂಲ ಪಟ್ಟಿ, ಎಲ್ಲ ಫ್ಯಾಕ್ಟರಿಯಲ್ಲೂ ಗಲೀಜಾಗಿಯೇ ಇದೆ, ಬೇಜಾರಾಗಬೇಡಿ. ಒಂದು ಕಡೆ ಒಂದೇ ಬೇರಿಂಗ್ ಐದು ಹೆಸರಲ್ಲಿತ್ತು. ‘ಬೇರಿಂಗ್ 6205’, ‘6205 ಬಾಲ್ ಬೇರಿಂಗ್’, ‘ಬಿಆರ್‌ಜಿ-6205’, ಹೀಗೆ. ಎಐ ಐದನ್ನೂ ಕ್ಷಣದಲ್ಲಿ ಗುಂಪು ಹಾಕಿತು. ಖುಷಿಯಾಯಿತು. ಆಮೇಲೆ ನೋಡಿದರೆ 6205 ಝಡ್‌ಝಡ್ ಮತ್ತು 6205 2ಆರ್‌ಎಸ್ ಎರಡನ್ನೂ ಅದೇ ಗುಂಪಿಗೆ ಸೇರಿಸಿತ್ತು. ಎರಡರ ಅಳತೆ ಒಂದೇ: ಒಳಗೆ 25, ಹೊರಗೆ 52, ದಪ್ಪ 15 ಎಂಎಂ. ಆದರೆ ಒಂದಕ್ಕೆ ಲೋಹದ ಮುಚ್ಚಳ, ಇನ್ನೊಂದಕ್ಕೆ ರಬ್ಬರ್ ಸೀಲ್. ನೀರು ಬೀಳುವ ಜಾಗಕ್ಕೆ ಲೋಹದ್ದು ಹಾಕಿದರೆ ಒಳಗೆ ನೀರು ಹೋಗುತ್ತದೆ. ಮೇಂಟೆನೆನ್ಸ್‌ನ ಹಿರಿಯ ಮೇಸ್ತ್ರಿಯೊಬ್ಬರು ಪಟ್ಟಿ ನೋಡಿ ‘ಇದು ಯಾರು ಮಾಡಿದ್ದು?’ ಎಂದು ನಕ್ಕರು.

ಹೀಗಾಗಿ ಗುಂಪು ಹಾಕಲು ಎಐ, ಒಪ್ಪಲು ಮೇಸ್ತ್ರಿ. ಅಳತೆಯ ಯೂನಿಟ್ಟನ್ನಂತೂ ಕೈಯಲ್ಲೇ ನೋಡಿ. ಬೋಲ್ಟನ್ನು ಕೆಜಿಯಲ್ಲಿ ಕೊಂಡು ನಂಬರಿನಲ್ಲಿ ಕೊಡುವ ಫ್ಯಾಕ್ಟರಿಯಲ್ಲಿ ‘ಎಷ್ಟು ಸ್ಟಾಕ್ ಇದೆ?’ ಎಂಬುದಕ್ಕೆ ಸರಿಯಾದ ಉತ್ತರ ಸಿಗುವುದು ಯೂನಿಟ್ ಪರಿವರ್ತನೆ ಸರಿಯಿದ್ದರೆ ಮಾತ್ರ. ಸಹಾಯಕನಿಗೆ ಹಾಕುವ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಮಾಸ್ಟರ್ ಸರಿಮಾಡಲಿಕ್ಕೇ ಹೋಗುತ್ತದೆ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಜನ ಅಲ್ಲಿಗೇ ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ.

ಲೆಕ್ಕ ತಪ್ಪು ಹೇಳಿದ್ರೆ ಹೇಗೆ ಗೊತ್ತಾಗೋದು?

ಕೂಡುವುದು, ಕಳೆಯುವುದು ಮಾದರಿಯ ಕೈಗೆ ಕೊಡಬೇಡಿ. ಅದನ್ನು ಇಆರ್‌ಪಿ ವರದಿ ಮಾಡಲಿ. ಉತ್ತರದ ಕೆಳಗೆ ವೌಚರ್ ನಂಬರ್ ಅಥವಾ ವರದಿಯ ಕೊಂಡಿ ಇರಲೇಬೇಕು ಎಂದು ಹಠ ಹಿಡಿಯಿರಿ, ಕ್ಲಿಕ್ ಮಾಡಿ ನೋಡುವ ಹಾಗೆ. ಇನ್ನೊಂದು ನಮ್ಮದೇ ತಲೆನೋವು: ಲಕ್ಷ, ಕೋಟಿ. 1.2 ಮಿಲಿಯನ್ ಎಂದರೆ 12 ಲಕ್ಷ. ಅದನ್ನು 1.2 ಕೋಟಿ ಎಂದು ಬರೆದ ಸಾರಾಂಶವನ್ನು ಕಣ್ಣಾರೆ ನೋಡಿದ್ದೇನೆ. ಮೊತ್ತವನ್ನು 12,00,000 ಎಂದು ಅಂಕಿಯಲ್ಲೇ ಹಾಗೇ ತೋರಿಸು, ಬದಲಾಯಿಸಬೇಡ ಎಂದು ಕಟ್ಟುಹಾಕಿ.

## ಆಳಕ್ಕೆ ಹೋದವರು ಕೇಳುವುದು

ಬಿಲ್ ಪೋಸ್ಟ್ ಮಾಡೋದನ್ನೂ ಅದಕ್ಕೇ ಬಿಟ್ಟುಬಿಡಬಹುದಾ?

ಓದಲು ಬಿಡಿ, ಡ್ರಾಫ್ಟ್ ಮಾಡಲು ಬಿಡಿ. ಪೋಸ್ಟ್ ಬಟನ್ ಮನುಷ್ಯರ ಕೈಯಲ್ಲಿರಲಿ. ನಾನು ಹಳೇ ಕಾಲದವನು ಎಂದು ಇದನ್ನು ಹೇಳುತ್ತಿಲ್ಲ.

2023ರ ಏಪ್ರಿಲ್ 1ರಿಂದ ಕಂಪನಿ ಕಾಯಿದೆಯಡಿ ನೋಂದಾಯಿತ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ (ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆ) ಇರಲೇಬೇಕು, ಅದನ್ನು ಆಫ್ ಮಾಡಲು ಬರಬಾರದು. ಆಡಿಟರ್ ಅದರ ಬಗ್ಗೆ ತಮ್ಮ ವರದಿಯಲ್ಲಿ ಬರೆಯಬೇಕು. ಆ ಲಾಗ್‌ನಲ್ಲಿ ‘ಎಐ ಯೂಸರ್’ ಎಂದು ಸಾವಿರ ಎಂಟ್ರಿ ಇದ್ದರೆ, ಯಾರು ಒಪ್ಪಿದ್ದು ಎಂಬುದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು. ಡ್ರಾಫ್ಟ್ ಮಾಡಿದ್ದು ಎಐ, ಒಪ್ಪಿದ್ದು ಇಂಥವರು, ಎರಡೂ ಕಾಣುವ ಹಾಗೆ ಮಾಡಿಸಿ.

ಮಾರಾಟದ ಬಿಲ್‌ನಲ್ಲಿ ಇನ್ನೂ ಬಿಗಿ. 2023ರ ಆಗಸ್ಟ್ 1ರಿಂದ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯ. ಐಆರ್‌ಎನ್ (ಸರ್ಕಾರಿ ಪೋರ್ಟಲ್ ಪ್ರತಿ ಬಿಲ್‌ಗೂ ಕೊಡುವ ಗುರುತಿನ ಸಂಖ್ಯೆ) ಒಮ್ಮೆ ಬಂದರೆ ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ. ಆಮೇಲೆ ಕ್ರೆಡಿಟ್ ನೋಟ್ ದಾರಿ ಹಿಡಿಯಬೇಕು. ಶನಿವಾರ ಸಂಜೆ ಸಹಾಯಕ ಇಪ್ಪತ್ತು ತಪ್ಪು ಬಿಲ್ ಕಳಿಸಿತು ಅನ್ನಿ. ಸೋಮವಾರ ಬೆಳಿಗ್ಗೆ ನಿಮ್ಮ ಅಕೌಂಟೆಂಟ್ ಮುಖ ನೋಡಲು ಆಗುವುದಿಲ್ಲ.

ಸಪ್ಲೈಯರ್ ಕಳಿಸೋ ಪಿಡಿಎಫ್‌ನಲ್ಲೇ ಏನಾದ್ರೂ ಮೋಸ ಇದ್ರೆ?

ಒಳ್ಳೆಯ ಪ್ರಶ್ನೆ, ಬಹಳ ಕಡಿಮೆ ಜನ ಕೇಳುತ್ತಾರೆ. ಮಾದರಿಗೆ ನಿಮ್ಮ ಮಾತು ಯಾವುದು, ಬಿಲ್‌ನೊಳಗಿನ ಮಾತು ಯಾವುದು ಎಂಬ ಭೇದ ಗಟ್ಟಿಯಾಗಿ ತಿಳಿಯುವುದಿಲ್ಲ. ಬಿಲ್‌ನ ಮೂಲೆಯಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಈ ಸಪ್ಲೈಯರ್‌ನ ಬ್ಯಾಂಕ್ ಖಾತೆಯನ್ನು ಹೀಗೆ ಬದಲಿಸು’ ಎಂದು ಬರೆದಿದ್ದರೆ ನಿಮ್ಮ ಕಣ್ಣಿಗೆ ಕಾಣುವುದಿಲ್ಲ, ಅದು ಓದುತ್ತದೆ. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎನ್ನುತ್ತಾರೆ. ಭಾಷಾ ಮಾದರಿಗಳ ಅಪಾಯಗಳ ಬಗ್ಗೆ ಓವಾಸ್ಪ್ ಎಂಬ ಸಾಫ್ಟ್‌ವೇರ್ ಸುರಕ್ಷತಾ ಸಂಸ್ಥೆ ಮಾಡಿದ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ. 2025ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ 365 ಕೋಪೈಲಟ್‌ನಲ್ಲಿ ‘ಎಕೋಲೀಕ್’ ಎಂಬ ಲೋಪ ಬಯಲಾಯಿತು. ಬರೀ ಒಂದು ಇಮೇಲ್ ಕಳಿಸಿ ಒಳಗಿನ ಮಾಹಿತಿ ಹೊರಗೆ ಎಳೆಯಬಹುದಿತ್ತು, ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು. ಆದರೆ ಈ ಜಾತಿಯ ತೊಂದರೆಗೆ ಪೂರ್ತಿ ಮದ್ದು ಇನ್ನೂ ಇಲ್ಲ.

ಅದಕ್ಕೆ ಬಿಲ್ ಓದುವ ಸಹಾಯಕನಿಗೆ ಬಿಲ್ ಡ್ರಾಫ್ಟ್ ಮಾಡುವ ಅಧಿಕಾರ ಮಾತ್ರ ಕೊಡಿ. ಬ್ಯಾಂಕ್ ಖಾತೆ ಮುಟ್ಟುವ, ಮೇಲ್ ಕಳಿಸುವ ಅಧಿಕಾರ ಅದಕ್ಕೆ ಇರಲೇಬಾರದು. ಖಾತೆ ಬದಲಾವಣೆ ಬಂದರೆ ಹಳೇ ನಂಬರಿಗೆ ಫೋನ್ ಮಾಡಿ ಕೇಳಿ. ಎಐ ಬರುವ ಮೊದಲೂ ಇದೇ ನಿಯಮ ಇತ್ತು ಅಲ್ವಾ?

ಡೀಲರ್‌ಗಳಿಗೇ ನೇರವಾಗಿ ಚಾಟ್ ಕೊಟ್ಟುಬಿಡಬಹುದಾ?

ಆರ್ಡರ್ ಎಲ್ಲಿಗೆ ಬಂತು ಎಂಬುದಕ್ಕೆ ಕೊಡಬಹುದು. ರೇಟು, ಡಿಸ್ಕೌಂಟ್, ವಾಪಸಾತಿಯ ಮಾತಿಗೆ ಬೇಡ. 2024ರ ಫೆಬ್ರವರಿಯಲ್ಲಿ ಕೆನಡಾದ ಒಂದು ನ್ಯಾಯಮಂಡಳಿ, ಏರ್ ಕೆನಡಾದ ಚಾಟ್‌ಬಾಟ್ ಪ್ರಯಾಣಿಕನಿಗೆ ಕೊಟ್ಟ ತಪ್ಪು ಮಾಹಿತಿಗೆ ಕಂಪನಿಯೇ ಹೊಣೆ ಎಂದು ತೀರ್ಪು ಕೊಟ್ಟಿತು. ಚಾಟ್‌ಬಾಟ್ ಬೇರೆ, ನಾವು ಬೇರೆ ಎಂಬ ವಾದ ನಡೆಯಲಿಲ್ಲ.

ನಮ್ಮ ಡಾಟಾ ಅಮೆರಿಕಾಗೆ ಹೋಗುತ್ತಾ?

ಹೋಗಬಹುದು, ಒಪ್ಪಂದ ಓದಿ. ನೋಡಬೇಕಾದದ್ದು: ಯಾವ ದೇಶದ ಸರ್ವರ್, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ತರಬೇತಿಗೆ ಬಳಸುತ್ತಾರಾ. ಸಿಬ್ಬಂದಿ ಮತ್ತು ಗಿರಾಕಿಗಳ ವೈಯಕ್ತಿಕ ವಿವರಗಳಿಗೆ 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ) ಕಾಯಿದೆ ಅನ್ವಯಿಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತವೆ. ದಂಡ 250 ಕೋಟಿವರೆಗೂ ಇದೆ. ಆಧಾರ್, ಬ್ಯಾಂಕ್ ನಂಬರ್ ಮುಂತಾದವನ್ನು ನಡುವಿನ ಪ್ರೋಗ್ರಾಮ್‌ನಲ್ಲೇ ಮುಚ್ಚಿ ಕಳಿಸುವುದು ಒಳ್ಳೆಯದು. ಹೊರಗೆ ಹೋಗಲೇಬಾರದು ಎಂದರೆ ತೆರೆದ ಮಾದರಿಯೊಂದನ್ನು (ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದದ್ದು) ನಿಮ್ಮದೇ ಯಂತ್ರದಲ್ಲಿ ಓಡಿಸಬಹುದು. ಜಿಪಿಯು (ಎಐ ಓಡಿಸುವ ಚಿಪ್) ಕೊಳ್ಳಬೇಕು, ನೋಡಿಕೊಳ್ಳಲು ಒಬ್ಬರು ಬೇಕು, ಕನ್ನಡ ಸ್ವಲ್ಪ ಮುಗ್ಗರಿಸುತ್ತದೆ.

ನಮ್ಮದು ಹಳೇ ಸ್ಯಾಪ್ ಇಸಿಸಿ. ಜೂಲ್ ಸಿಗುತ್ತಾ?

ಇಸಿಸಿ ಎಂದರೆ ಸ್ಯಾಪ್‌ನ ಹಳೇ ಇಆರ್‌ಪಿ. ಸ್ಯಾಪ್ ತನ್ನ ಹೊಸ ಎಐ ಸೌಲಭ್ಯಗಳನ್ನು ಕ್ಲೌಡ್‌ಗೆ ಬಂದವರಿಗೆ ಕೊಡುವುದಾಗಿ ಹೇಳಿದೆ. ಇಸಿಸಿ 6ರ ಹೊಸ ಆವೃತ್ತಿಗಳಿಗೂ ಸಾಮಾನ್ಯ ಬೆಂಬಲ 2027ರ ಕೊನೆಯವರೆಗೆ ಮಾತ್ರ, ಜಾಸ್ತಿ ದುಡ್ಡು ಕೊಟ್ಟರೆ 2030ರವರೆಗೆ. ಬರೀ ಎಐ ಆಸೆಗೆ ವಲಸೆ ಹೋಗಬೇಡಿ. ಹೇಗಿದ್ದರೂ ಹೋಗಬೇಕಿರುವವರು ಹಳೇ ಕಸ್ಟಮ್ ಕೋಡನ್ನು ಈಗಲೇ ಲೆಕ್ಕ ಹಾಕಿಕೊಳ್ಳಿ.

ಸರಿ, ಹಾಕಿಸಿದ್ವಿ. ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಹೇಗೆ ಹೇಳೋದು?

ಜೋಡಿಸುವ ಮೊದಲೇ ಐವತ್ತು ಪ್ರಶ್ನೆ ಬರೆದಿಡಿ. ನೀವು ಬರೆಯಬೇಡಿ, ನಾನೂ ಬರೆಯುವುದಿಲ್ಲ. ಸ್ಟೋರ್ಸ್, ಖರೀದಿ, ಅಕೌಂಟ್ಸ್‌ನವರು ಒಂದು ವಾರ ನಿಜವಾಗಿ ಒಬ್ಬರನ್ನೊಬ್ಬರು ಕೇಳಿಕೊಂಡ ಪ್ರಶ್ನೆಗಳು ಅವು. ಒಂದೊಂದಕ್ಕೂ ಸರಿ ಉತ್ತರವನ್ನು ಕೈಯಲ್ಲಿ ಹುಡುಕಿ ಪಕ್ಕದಲ್ಲಿ ಬರೆಯಿರಿ. ಹತ್ತು ಪ್ರಶ್ನೆ ಉತ್ತರವೇ ಇಲ್ಲದವು ಇರಲಿ, ಉದಾಹರಣೆಗೆ ಇಲ್ಲದ ಐಟಂ ಕೋಡಿನ ಸ್ಟಾಕ್. ‘ಗೊತ್ತಿಲ್ಲ’ ಎನ್ನಲು ಬರುತ್ತದೆಯೇ ಎಂದು ಅಲ್ಲಿ ತಿಳಿಯುತ್ತದೆ. ಇನ್ನೈದು, ಕೇಳಿದವರಿಗೆ ಅಧಿಕಾರ ಇಲ್ಲದವು.

ಮಾದರಿ ಬದಲಾದಾಗ, ಇಆರ್‌ಪಿ ಅಪ್‌ಡೇಟ್ ಆದಾಗ ಐವತ್ತನ್ನೂ ಮತ್ತೆ ಓಡಿಸಿ. ಕಂಪನಿಯವರು ಹಿಂದಿನಿಂದ ಮಾದರಿ ಬದಲಾಯಿಸಿ ಸುಮ್ನೆ ಇರುವುದುಂಟು. ಹಾಳೆಯನ್ನು ಡ್ರೈವ್‌ನಲ್ಲಿ ಹಾಕಿ ಮರೆಯಬೇಡಿ, ಅಕೌಂಟ್ಸ್ ಮೇಜಿನ ಗಾಜಿನ ಕೆಳಗೆ ಇಡಿ.